ಅಮೆರಿಕದ ಸಿನೆಮಾ ಕನ್ನಡ ಮಾತಾಡುತ್ತಿದೆ. ನಮ್ಮ ಪಾರಿಜಾತದ ಆಟಕ್ಕೆ ಜಾಗ ಎಲ್ಲಿ?

ಪೇಟಿ ಮಾಸ್ತರ ಮಗಳು, ಬಾದಾಮಿ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮ ಅಪ್ಪ ನಾಟಕ ಕಂಪನಿಗಳಲ್ಲಿ ಮೂವತ್ತು ವರ್ಷ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿದವರು. ಬನಶಂಕರಿ ಜಾತ್ರೆ ಅಂದರೆ ನಮ್ಮ ಮನೆಗೆ ದೀಪಾವಳಿಗಿಂತ ದೊಡ್ಡದು. ಬನದ ಹುಣ್ಣಿಮೆಗೆ ತೇರು ಎಳೆದರು ಅಂದರೆ ಮುಂದೆ ಹಲವು ವಾರ ಕಂಪನಿ ಥೇಟರುಗಳು ಸಾಲಾಗಿ ನಿಂತಿರುತ್ತವೆ. ದಿನಕ್ಕೆ ಎರಡು ಮೂರು ಆಟ. ರಾತ್ರಿ ಆಟ ಬಿಟ್ಟು ಜನ ಚಕ್ಕಡಿ ಹೂಡುವಷ್ಟರಲ್ಲಿ ಕೋಳಿ ಕೂಗುತ್ತಿತ್ತು ಎಂದು ಅಪ್ಪ ಈಗಲೂ ಹೇಳುತ್ತಾರೆ.

ಈ ಸಲ ಹತ್ತು ವರ್ಷದ ಮಗನನ್ನು ಕರೆದುಕೊಂಡು ಹೋಗಿದ್ದೆ. ಮೊದಲ ಅಂಕ ಮುಗಿಯುವ ಮೊದಲೇ ಅವನು ನನ್ನ ಫೋನ್ ತೆಗೆದುಕೊಂಡ. ಕಿವಿಗೆ ವೈರು ಸಿಕ್ಕಿಸಿಕೊಂಡ. ಆ ನೀಲಿ ಮೈಯ ಮಂದಿಯ ಅಮೆರಿಕನ್ ಸಿನೆಮಾ 'ಅವತಾರ್' ಹಚ್ಚಿಕೊಂಡು ಕೂತ. ಕನ್ನಡದಲ್ಲೇ ಇತ್ತು. ನಾನು ಬೈಯಲಿಲ್ಲ. ಇಣುಕಿ ನೋಡಿದೆ. ಚೆನ್ನಾಗಿಯೇ ಇತ್ತು ನೋಡಿ, ಸಮುದ್ರ, ಮೀನು, ಬೆಳಕು. ಎದುರಿಗೆ ರಂಗದ ಮೇಲೆ ಒಬ್ಬ ಕಲಾವಿದೆ ಗಂಟಲು ಹರಿಯುವ ಹಾಗೆ ಹಾಡುತ್ತಿದ್ದರು. ಮೈಕು ಗೊರಗೊರ ಅನ್ನುತ್ತಿತ್ತು. ಮುಂದಿನ ಎರಡು ಸಾಲು ಖಾಲಿ.

ಮನೆಗೆ ಬರುವಾಗ ಮಗ ಕೇಳಿದ: "ಅವ್ವಾ, ನಾಟಕದವರು ಯಾಕ ನಮ್ಮಂಗ ಮಾತಾಡ್ತಾರ? ಸಿನೆಮಾದಾಗ ಹಂಗ ಯಾರೂ ಮಾತಾಡಂಗಿಲ್ಲಲ್ಲ?"

ಆ ಮಾತು ಕೇಳಿದಾಗಿನಿಂದ ಸಮಾಧಾನ ಇಲ್ಲ. ತನ್ನ ಮನೆಯ ಮಾತೇ ರಂಗದ ಮೇಲೆ ಬಂದರೆ ಅವನಿಗೆ ವಿಚಿತ್ರ ಅನಿಸುತ್ತದೆ. ಬೇರೆ ದೇಶದವರೂ ಇದನ್ನು ಅನುಭವಿಸಿರಬೇಕಲ್ವಾ? ಅವರು ಏನು ಮಾಡಿದರು? ತಿಳಿದವರು ಹೇಳಿ.

ಇಳಕಲ್ ಮಗ್ಗ

ಅಕ್ಕಾರೆ, ನಮ್ಮ ಮನೆಯಲ್ಲೂ ಇದೇ ಕತೆ. ಹುಡುಗರಿಗೆ ಅಮೆರಿಕದ ಸೂಪರ್ ಹೀರೋಗಳ ಹೆಸರು ಬಾಯಿಪಾಠ. ನಮ್ಮ ಬಯಲಾಟ ಶ್ರೀಕೃಷ್ಣ ಪಾರಿಜಾತದ ದೂತಿ ಯಾರು ಅಂದರೆ ಗೊತ್ತಿಲ್ಲ. ಉತ್ತರ ನನ್ನ ಹತ್ತಿರ ಇಲ್ಲ, ಓದುತ್ತಾ ಇರುತ್ತೇನೆ.

ಗುಮ್ಮಟದ ನೆರಳು, ವಿಜಯಪುರ

ಅಕ್ಕಾ, ತಪ್ಪು ತಿಳಿಯಬೇಡಿ. ನನ್ನ ಅನುಭವ ಬೇರೆ ಇದೆ.

ನಾನು ಚಿಕ್ಕವನಿದ್ದಾಗ ನಮ್ಮೂರಿಗೆ ಇಂಗ್ಲಿಷ್ ಸಿನೆಮಾ ಬಂದರೆ ಹಿಂದಿಯಲ್ಲಿ ಬರುತ್ತಿತ್ತು. ಟಿವಿಯಲ್ಲೂ ಹಿಂದಿ. ಕನ್ನಡಕ್ಕೆ ಡಬ್ ಮಾಡಬಾರದು ಎಂದು 1960ರ ದಶಕದಿಂದ ನಮ್ಮ ಚಿತ್ರರಂಗ ಹಟ ಹಿಡಿದಿತ್ತು. ಅದರ ಹಿಂದಿನ ಕಾಳಜಿ ನನಗೂ ಅರ್ಥ ಆಗುತ್ತದೆ. ಆಗ ಮದರಾಸಿನಿಂದ ಡಬ್ಬಿಂಗ್ ಸಿನೆಮಾ ಬಂದು ನಮ್ಮ ಕಲಾವಿದರ ಹೊಟ್ಟೆಗೆ ಹೊಡೆತ ಬೀಳುತ್ತಿತ್ತು. ಆದರೆ ಆ ತಡೆಯಿಂದ ಅಮೆರಿಕದ ಸಿನೆಮಾ ನಿಂತಿತಾ? ಇಲ್ಲ. ನಾವೇ ಹಿಂದಿ ಕಲಿತೆವು. ನನ್ನ ಗೆಳೆಯರು ಇವತ್ತಿಗೂ ಆಪಸದಲ್ಲಿ ತಮಾಷೆ ಮಾಡುವುದು ಹಿಂದಿ ಡೈಲಾಗಿನಲ್ಲಿ.

2015ರಲ್ಲಿ ವ್ಯಾಪಾರದ ಪೈಪೋಟಿ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ಕಾನೂನಿಗೆ ವಿರುದ್ಧ ಎಂದಿತು. 2022ರ ಡಿಸೆಂಬರ್‌ನಲ್ಲಿ ಆ ನೀಲಿ ಮಂದಿಯ ಸಿನೆಮಾ ಕನ್ನಡದಲ್ಲೇ ಬಂತು. ನಾನು ನಮ್ಮ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಅರವತ್ತೆರಡು ವರ್ಷ ಅವರಿಗೆ. ಜೀವನದಲ್ಲಿ ಮೊದಲ ಸಲ ಒಂದು ಅಮೆರಿಕನ್ ಸಿನೆಮಾ ಪೂರ್ತಿ ತಿಳಿದು ನೋಡಿದರು. ಮರಿ ತಿಮಿಂಗಿಲದ ಕತೆ ಬಂದಾಗ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆ ಸಂಜೆ ನಮ್ಮ ಸಂಸ್ಕೃತಿಗೆ ಏನು ನಷ್ಟ ಆಯಿತು ಹೇಳಿ?

ರೀಲು ಡಬ್ಬಿ, ವಿಜಯಪುರ

ತಮ್ಮಾ, ನಾನು ಮೂವತ್ತೆರಡು ವರ್ಷ ಆಪರೇಟರ್ ಇದ್ದವ. ಒಂದೆರಡು ಮಾತು ಹೇಳುತ್ತೇನೆ.

ಕಾರ್ಬನ್ ಕಡ್ಡಿ ಉರಿಸಿ ಸಿನೆಮಾ ತೋರಿಸಿದ ಕಾಲ ಅದು. ಎರಡು ಮಶಿನ್ ಅಕ್ಕಪಕ್ಕ. ರೀಲು ಮುಗಿಯಲು ಬಂದರೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಮಿಂಚುತ್ತದೆ. ಮೊದಲ ಚುಕ್ಕಿಗೆ ಇನ್ನೊಂದು ಮಶಿನ್ ಚಾಲೂ. ಎರಡನೇ ಚುಕ್ಕಿಗೆ ಬದಲು. ಕೆಳಗೆ ಕೂತವರಿಗೆ ಗೊತ್ತೇ ಆಗಬಾರದು. ಅಮೆರಿಕದ ಪ್ರಿಂಟಿಗೂ ಅದೇ ಚುಕ್ಕಿ, ಕನ್ನಡದ ಪ್ರಿಂಟಿಗೂ ಅದೇ ಚುಕ್ಕಿ. ನನಗೆ ಎರಡರಲ್ಲೂ ಭೇದ ಇರಲಿಲ್ಲ.

ಭೇದ ಇದ್ದದ್ದು ವ್ಯವಹಾರದಲ್ಲಿ. ಇಂಗ್ಲಿಷ್ ಪ್ರಿಂಟು ನಮ್ಮ ಕಡೆ ಬರುವಷ್ಟರಲ್ಲಿ ಹತ್ತು ಊರು ತಿರುಗಿ ಮೈತುಂಬಾ ಗೀರು ಬಿದ್ದಿರುತ್ತಿತ್ತು. ಬಾಡಿಗೆ ಅಗ್ಗ. ಮಾರ್ನಿಂಗ್ ಶೋಗೆ ಹಾಕಿ ಮುಗಿಸುತ್ತಿದ್ದೆವು. ಯಾಕೆ ಅಗ್ಗ ಗೊತ್ತಾ? ಅವರ ದೇಶದಲ್ಲೇ ಖರ್ಚಿನ ದೊಡ್ಡ ಪಾಲು ಹುಟ್ಟಿರುತ್ತದೆ. ಹೊರಗಿನದು ಬಂದಷ್ಟೂ ಲಾಭ. ನಮ್ಮ ನಿರ್ಮಾಪಕನಿಗೆ ಹಾಗಲ್ಲ. ಅವನ ಹಣ ಇಲ್ಲಿಯೇ ಹುಟ್ಟಬೇಕು. ಅಂಗಡಿ ಪಕ್ಕದಲ್ಲಿ ಯಾರೋ ಬಂದು ಅಸಲಿಗಿಂತ ಕಡಿಮೆಗೆ ಮಾರಿದರೆ ಏನಾಗುತ್ತದೆ? ಅಷ್ಟೇ ಲೆಕ್ಕ.

1994ರಲ್ಲಿ ಡೈನೋಸಾರ್ ಸಿನೆಮಾ ಹಿಂದಿಯಲ್ಲಿ ಬಂದಾಗ ಎಲ್ಲ ಬದಲಾಯಿತು. ಹಳ್ಳಿಯಿಂದ ಟ್ರ್ಯಾಕ್ಟರ್ ಮೇಲೆ ಜನ ಬಂದರು. ಆವತ್ತು ನಮ್ಮ ಮಾಲಕರು ಹೇಳಿದ ಮಾತು ನೆನಪಿದೆ: "ಇನ್ನ ಇವರು ಮಾರ್ನಿಂಗ್ ಶೋಕ್ಕ ನಿಲ್ಲಂಗಿಲ್ಲ." ನಿಲ್ಲಲಿಲ್ಲ. ಈಗ ರೀಲಿನ ಡಬ್ಬಿಯೇ ಇಲ್ಲ. ಅಲ್ಲಿ ಶುಕ್ರವಾರ ಬಿಡುಗಡೆ ಆದರೆ ಇಲ್ಲೂ ಅದೇ ಶುಕ್ರವಾರ. ದೊಡ್ಡ ಸಿನೆಮಾ ಬಂದರೆ ವಿತರಕರು ಮೊದಲ ವಾರ ಎಲ್ಲ ಒಳ್ಳೆ ಆಟ ತಮಗೇ ಬೇಕು ಅನ್ನುತ್ತಾರೆ. ಆ ವಾರ ಬಂದ ಸಣ್ಣ ಕನ್ನಡ ಸಿನೆಮಾಕ್ಕೆ ಬೆಳಿಗ್ಗೆ ಹತ್ತರ ಆಟ. ನೋಡಲು ಯಾರು ಬರುತ್ತಾರೆ? "ಜನ ಬರಲಿಲ್ಲ" ಎಂದು ಸೋಮವಾರ ತೆಗೆದುಬಿಡುತ್ತಾರೆ.

ಇನ್ನೊಂದು ಮಾತು. ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬೈಗೆ ಹೋಗಿ ಇಡೀ ದೇಶಕ್ಕೆ ಹಾಡಿದರು. ನಮ್ಮ ಕಡೆಯ ದನಿಗೆ ಶಕ್ತಿ ಇಲ್ಲ ಎಂದು ಯಾರೂ ತಿಳಿಯಬಾರದು. ಜಾಗ ಸಿಗಬೇಕು, ಅಷ್ಟೇ.

ಕುಂದಾನಗರಿ, ಬೆಳಗಾವಿ

ಕಾಕಾ, ನೀವು ಹೇಳಿದ ಲೆಕ್ಕ ನೂರಕ್ಕೆ ನೂರು ಸರಿ. ನಾನು ಇತಿಹಾಸ ಕಲಿಸುವವನು. ಹಿಂದಿನದನ್ನು ಸ್ವಲ್ಪ ಹೇಳುತ್ತೇನೆ.

ಸಿನೆಮಾ ಅಂದರೆ ಅಮೆರಿಕ ಎನ್ನುವುದು ಮೊದಲಿನಿಂದ ಹಾಗೆ ಇರಲಿಲ್ಲ. 1914ಕ್ಕೆ ಮೊದಲು ಜಗತ್ತಿನ ಮಾರುಕಟ್ಟೆ ಇದ್ದದ್ದು ಫ್ರಾನ್ಸಿನ ಕೈಯಲ್ಲಿ. ಪಾಥೆ ಎನ್ನುವ ಕಂಪನಿ ಎಲ್ಲರಿಗಿಂತ ದೊಡ್ಡದು. ಮೊದಲ ಮಹಾಯುದ್ಧ ಬಂತು. ಯುರೋಪಿನ ಸ್ಟುಡಿಯೋಗಳು ಮುಚ್ಚಿದವು. ಆ ಖಾಲಿ ಜಾಗಕ್ಕೆ ಹಾಲಿವುಡ್ ನುಗ್ಗಿತು. ಮುಂದೆ ಒಂದು ಉಪಾಯ ಹೂಡಿದರು. ಒಂದು ದೊಡ್ಡ ಸಿನೆಮಾ ಬೇಕಾದರೆ ಜೊತೆಗೆ ನಾಲ್ಕು ಸಾಧಾರಣ ಸಿನೆಮಾನೂ ತೆಗೆದುಕೊಳ್ಳಬೇಕು. ಸಂತೆಯಲ್ಲಿ ಒಳ್ಳೆ ಬದನೆ ಕೇಳಿದರೆ ಕೊಳೆತದ್ದನ್ನೂ ಸೇರಿಸಿ ತೂಗುತ್ತಾರಲ್ಲ, ಹಾಗೆ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ಇದನ್ನು ತಪ್ಪು ಎಂದಿತು. ಅಷ್ಟರಲ್ಲಿ ಜಗತ್ತಿನ ಪರದೆಗಳೆಲ್ಲ ಅವರಿಗೆ ಒಗ್ಗಿಹೋಗಿದ್ದವು.

ನಮ್ಮಲ್ಲಿ? ಬೆಳಗಾವಿ, ವಿಜಯಪುರ ಆಗ ಮುಂಬೈ ಪ್ರಾಂತ್ಯದಲ್ಲಿದ್ದವು. 1920ರ ದಶಕದಲ್ಲಿ ಭಾರತದಲ್ಲಿ ಓಡುತ್ತಿದ್ದ ಸಿನೆಮಾಗಳಲ್ಲಿ ಹೆಚ್ಚಿನವು ಅಮೆರಿಕದ್ದೇ. ಬ್ರಿಟಿಷರಿಗೆ ಹೊಟ್ಟೆಕಿಚ್ಚು. 1927ರಲ್ಲಿ ಟಿ. ರಂಗಾಚಾರಿಯಾರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿದರು. ಬ್ರಿಟಿಷ್ ಸಾಮ್ರಾಜ್ಯದ ಸಿನೆಮಾಗೆ ಭಾರತದಲ್ಲಿ ವಿಶೇಷ ಜಾಗ ಕೊಡಿಸಬೇಕು ಎನ್ನುವುದು ಬ್ರಿಟಿಷರ ಆಸೆ. ಸಮಿತಿ ಒಪ್ಪಲಿಲ್ಲ. ಸಹಾಯ ಮಾಡುವುದಾದರೆ ಭಾರತದ ಸಿನೆಮಾಗೆ ಮಾಡಿ, ಕಚ್ಚಾ ಫಿಲ್ಮಿನ ಸುಂಕ ತೆಗೆಯಿರಿ, ನಿರ್ಮಾಪಕರಿಗೆ ಸಾಲ ಕೊಡಿ ಎಂದಿತು. ಆ ವರದಿಯನ್ನು ಸರ್ಕಾರ ಮೂಲೆಗೆ ಹಾಕಿತು. ಆ ಕಾಲದಲ್ಲಿ ಅಷ್ಟು ನೇರವಾಗಿ ಮಾತಾಡಿದ್ದಕ್ಕೆ ನನಗೆ ಆ ಸಮಿತಿಯವರ ಮೇಲೆ ಬಹಳ ಗೌರವ.

ನಮ್ಮನ್ನು ಕಾಪಾಡಿದ್ದು ಯಾವ ಕಾನೂನೂ ಅಲ್ಲ. 1931ರಲ್ಲಿ ಟಾಕಿ ಬಂತು. 1934ರಲ್ಲಿ ಕನ್ನಡವೂ ಪರದೆಯ ಮೇಲೆ ಮಾತಾಡಿತು. ಮೂಕಿ ಇದ್ದಾಗ ಎಲ್ಲರಿಗೂ ತಿಳಿಯುತ್ತಿದ್ದ ಅಮೆರಿಕದ ಸಿನೆಮಾ ಒಮ್ಮೆಗೇ ಪರಭಾಷೆಯಾಯಿತು. ನಮ್ಮದರಲ್ಲಿ ನಮ್ಮ ಮಾತು, ನಮ್ಮ ಹಾಡು. ಆ ಹಾಡು ಬಂದದ್ದು ಕಂಪನಿ ನಾಟಕದಿಂದ, ಅಕ್ಕಾರೆ. ನಿಮ್ಮ ತಂದೆಯಂಥವರ ಪೇಟಿಯಿಂದ. ಮಾತೇ ನಮ್ಮ ಕೋಟೆ ಆಗಿತ್ತು.

ಅದಕ್ಕೇ ಡಬ್ಬಿಂಗ್ ಅಂದರೆ ನನಗೆ ಭಯ. 1941ರಲ್ಲಿ ಸ್ಪೇನ್ ದೇಶದಲ್ಲಿ ಫ್ರಾಂಕೋ ಸರ್ಕಾರ ಹೊರಗಿನ ಸಿನೆಮಾ ಎಲ್ಲ ಸ್ಪ್ಯಾನಿಷ್‌ಗೆ ಡಬ್ ಆಗಲೇಬೇಕು ಎಂದು ಆಜ್ಞೆ ಮಾಡಿತು. ದೇಶದ ಭಾಷೆ ಉಳಿಸಲು ಮಾಡಿದ್ದು. ಆದದ್ದು ತಿರುಗುಮುರುಗು. ಅಮೆರಿಕದ ನಟರು ಸ್ಪ್ಯಾನಿಷ್ ಮಾತಾಡತೊಡಗಿದರು. ಜನ ಅವರನ್ನೇ ಮನೆಯವರು ಅಂದುಕೊಂಡರು. ಸ್ಪೇನಿನ ಸ್ವಂತ ಸಿನೆಮಾಗೆ ಇದ್ದ ಒಂದೇ ಬಲ ಹೋಯಿತು.

ಗುಮ್ಮಟದ ನೆರಳು, ವಿಜಯಪುರ

ಸರ್, ಸ್ಪೇನಿನ ವಿಷಯ ನನಗೆ ಗೊತ್ತಿರಲಿಲ್ಲ. ಯೋಚನೆ ಮಾಡುವಂಥದ್ದೇ. ಆದರೆ ಕೋಟೆಗೆ ಈಗಾಗಲೇ ಹಿಂದಿಯ ಬಾಗಿಲು ಇತ್ತಲ್ಲ? ನನ್ನ ಪೀಳಿಗೆ ಆ ಬಾಗಿಲಿನಿಂದಲೇ ಹೋಯಿತು. ಮತ್ತೆ ಡಬ್ಬಿಂಗ್ ನಿಲ್ಲಿಸಿದರೆ ನನ್ನ ಮಗನೂ ಹಿಂದಿಯಲ್ಲೇ ನೋಡುತ್ತಾನೆ. ನಾನು ಅದನ್ನು ಒಪ್ಪುವುದಿಲ್ಲ.

ಘಟಪ್ರಭಾ ದಂಡೆ, ಗೋಕಾಕ

ಇಬ್ಬರೂ ಸರಿ ಅನಿಸುತ್ತದೆ. ಹಾಗಾದರೆ ಡಬ್ಬಿಂಗ್ ಬಿಟ್ಟು ಬೇರೆ ಏನಾದರೂ ಮಾಡಿದವರು ಇದ್ದಾರಾ ನೋಡೋಣ. ಕೊರಿಯಾ ಬಗ್ಗೆ ನಾನು ಸುಮಾರು ಓದಿದ್ದೇನೆ, ಅದನ್ನು ಹೇಳುತ್ತೇನೆ.

ದಕ್ಷಿಣ ಕೊರಿಯಾದಲ್ಲಿ 1960ರ ದಶಕದಿಂದಲೇ ಒಂದು ನಿಯಮ ಇದೆ. ಪ್ರತಿ ಥೇಟರಿನಲ್ಲಿ ವರ್ಷಕ್ಕೆ ಇಷ್ಟು ದಿನ ಕೊರಿಯನ್ ಸಿನೆಮಾ ಓಡಲೇಬೇಕು. 1985ರಿಂದ 146 ದಿನ. ಇಷ್ಟಿದ್ದರೂ ಹಾಲಿವುಡ್ ಕಂಪನಿಗಳಿಗೆ ನೇರವಾಗಿ ಹಂಚಿಕೆ ಮಾಡಲು ಬಿಟ್ಟ ಮೇಲೆ ಕೊರಿಯನ್ ಸಿನೆಮಾ ಸೊರಗಿತು. 1993ರಲ್ಲಿ ತಮ್ಮದೇ ಊರಿನಲ್ಲಿ ಅವರ ಪಾಲು ಶೇ. 16ಕ್ಕೆ ಇಳಿದಿತ್ತು. ಅಮೆರಿಕದವರು ದಿನಗಳನ್ನೂ ಕಡಿಮೆ ಮಾಡಿ ಎಂದು ಒತ್ತಡ ಹಾಕಿದಾಗ 1999ರಲ್ಲಿ ನಿರ್ದೇಶಕರು ಬೀದಿಯಲ್ಲಿ ಕೂತು ತಲೆ ಬೋಳಿಸಿಕೊಂಡರು. ಆ ಫೋಟೋ ನೋಡಿದರೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ.

ಆದರೆ ಅವರು ಅತ್ತು ಸುಮ್ನೆ ಕೂರಲಿಲ್ಲ. ಸಿನೆಮಾ ಶಾಲೆ ಕಟ್ಟಿದ್ದರು. 1996ರಲ್ಲಿ ಅವರ ಸಂವಿಧಾನ ನ್ಯಾಯಾಲಯ ಮುಂಚಿತ ಸೆನ್ಸಾರ್ ತಪ್ಪು ಎಂದಿತು. ಹೇಳಬೇಕಾದ ಕತೆ ಹೇಳಲು ದಾರಿ ಆಯಿತು. 2001ರ ಹೊತ್ತಿಗೆ ಅವರ ಪಾಲು ಹೆಚ್ಚುಕಡಿಮೆ ಅರ್ಧಕ್ಕೆ ಏರಿತು. 2006ರಲ್ಲಿ ಅಮೆರಿಕದ ಜೊತೆ ವ್ಯಾಪಾರ ಒಪ್ಪಂದಕ್ಕಾಗಿ ಸರ್ಕಾರ 146 ದಿನವನ್ನು 73ಕ್ಕೆ ಇಳಿಸಿತು. ಆಗಲೂ ಬೀಳಲಿಲ್ಲ. ಅಷ್ಟರಲ್ಲಿ ಬೇರು ಇಳಿದಿತ್ತು. 2020ರಲ್ಲಿ ಆಸ್ಕರ್‌ನ ಅತ್ಯುತ್ತಮ ಚಿತ್ರ ಕೊರಿಯನ್ ಭಾಷೆಯದ್ದು. ಇಂಗ್ಲಿಷ್ ಅಲ್ಲದ ಭಾಷೆಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಫ್ರಾನ್ಸಿನದು ಇನ್ನೂ ಚಂದ. ಯುದ್ಧ ಮುಗಿದಾಗ ಕೈಯಲ್ಲಿ ಕಾಸಿಲ್ಲ. 1946ರಲ್ಲಿ ಅಮೆರಿಕದ ಜೊತೆ ಒಪ್ಪಂದ ಆಯಿತು. ಸಾಲ ಮನ್ನಾ, ಹೊಸ ಸಾಲ. ಬದಲಿಗೆ ಅಮೆರಿಕದ ಸಿನೆಮಾಗೆ ಬಾಗಿಲು ತೆರೆಯಬೇಕು. ಹದಿಮೂರು ವಾರದಲ್ಲಿ ಬರೀ ನಾಲ್ಕು ವಾರ ಫ್ರೆಂಚ್ ಸಿನೆಮಾಗೆ ಮೀಸಲು. ಕಲಾವಿದರು ಪ್ಯಾರಿಸ್ ಬೀದಿಗೆ ಇಳಿದರು. 1948ರಲ್ಲಿ ಸರ್ಕಾರ ಟಿಕೆಟ್ ಮೇಲೆ ಒಂದು ತೆರಿಗೆ ಹಾಕಿತು. ಅದು ಈಗಲೂ ಇದೆ, ಶೇ. 10.72. ಅಮೆರಿಕದ ಸಿನೆಮಾ ನೋಡಿದರೂ ಆ ಹಣ ಹೋಗುವುದು ಫ್ರಾನ್ಸಿನ ಸಿನೆಮಾ ನಿಧಿಗೆ. ಹಾಲಿವುಡ್ ಸಿನೆಮಾ ಜಾಸ್ತಿ ಓಡಿದಷ್ಟೂ ಫ್ರೆಂಚ್ ನಿರ್ದೇಶಕರಿಗೆ ಹಣ ಜಾಸ್ತಿ. ಯಾರಿಗೂ "ನೋಡಬೇಡ" ಅನ್ನಲಿಲ್ಲ.

ಕುಂದಾನಗರಿ, ಬೆಳಗಾವಿ

ಚೆನ್ನಾಗಿ ಹೇಳಿದಿರಿ. ಕೋಟಾ ಒಂದೇ ಇದ್ದರೆ ಏನಾಗುತ್ತದೆ ಎನ್ನುವುದಕ್ಕೆ ಬ್ರಿಟನ್ ಇದೆ. 1927ರಲ್ಲಿ ಕಾನೂನು ಮಾಡಿ ಬ್ರಿಟಿಷ್ ಸಿನೆಮಾಗೆ ಪಾಲು ಕಟ್ಟಿದರು, ಮುಂದೆ ಅದನ್ನು ಶೇ. 20ರವರೆಗೆ ಏರಿಸಿದರು. ಅಮೆರಿಕದ ಕಂಪನಿಗಳೇ ಅಲ್ಲಿ ಅಗ್ಗದ ಸಿನೆಮಾ ಮಾಡಿಸಿ ಲೆಕ್ಕ ತುಂಬಿಸಿದವು. ಜನ ನೋಡಲಿಲ್ಲ.

2005ರಲ್ಲಿ ಯುನೆಸ್ಕೋದಲ್ಲಿ ಸಂಸ್ಕೃತಿಗಳ ವೈವಿಧ್ಯ ಕಾಪಾಡುವ ಒಪ್ಪಂದಕ್ಕೆ ಮತ ಹಾಕಿದಾಗ 148 ದೇಶಗಳು ಪರ. ವಿರೋಧ ಎರಡೇ, ಅಮೆರಿಕ ಮತ್ತು ಇಸ್ರೇಲ್. ಭಾರತ 2006ರಲ್ಲಿ ಅದಕ್ಕೆ ಸೇರಿತು. ನಮ್ಮ ದೇಶ ಮಾತು ಕೊಟ್ಟಿದೆ. ಆ ಮಾತು ಬಾದಾಮಿಯ ಥೇಟರಿನ ತನಕ ಬಂದಿದೆಯಾ?

ಜೋಳದ ತೆನೆ, ಮುದ್ದೇಬಿಹಾಳ

ಎಲ್ಲರೂ ಥೇಟರ್ ಬಗ್ಗೆ ಹೇಳುತ್ತಿದ್ದೀರಿ. ನಮ್ಮೂರಲ್ಲಿ ಇದ್ದ ಒಂದು ಟಾಕೀಸಿನಲ್ಲಿ ಈಗ ಗೊಬ್ಬರದ ಚೀಲ ಇಟ್ಟಿದ್ದಾರೆ. ಮಕ್ಕಳು ನೋಡುವುದು ಫೋನಿನಲ್ಲಿ. ಅಲ್ಲಿ ಕೋಟಾ ಹೇಗೆ?

ಘಟಪ್ರಭಾ ದಂಡೆ, ಗೋಕಾಕ

ಅಣ್ಣಾ, ಅದಕ್ಕೂ ದಾರಿ ಮಾಡಿದ್ದಾರೆ. 2018ರಲ್ಲಿ ಯುರೋಪಿನವರು ಫೋನು, ಟಿವಿಗೆ ಇಂಟರ್ನೆಟ್ಟಿನಲ್ಲಿ ಸಿನೆಮಾ ಕೊಡುವ ಒಟಿಟಿ ಕಂಪನಿಗಳ ಪಟ್ಟಿಯಲ್ಲಿ ಶೇ. 30ರಷ್ಟು ಯುರೋಪಿನದೇ ಇರಬೇಕು, ಅದು ಕಣ್ಣಿಗೆ ಬೀಳುವ ಹಾಗೆ ಇಡಬೇಕು ಎಂದು ನಿಯಮ ಮಾಡಿದರು. ಪಟ್ಟಿಯಲ್ಲಿ ಇದ್ದರೂ ಮೂಲೆಯಲ್ಲಿ ಮುಚ್ಚಿಟ್ಟರೆ ಏನು ಬಂತು, ಅಲ್ವಾ?

ಪೇಟಿ ಮಾಸ್ತರ ಮಗಳು, ಬಾದಾಮಿ

ಎಲ್ಲರಿಗೂ ಕೈಮುಗಿಯುತ್ತೇನೆ. ಇಷ್ಟು ತಿಳಿಯುತ್ತದೆ ಎಂದು ಅಂದುಕೊಂಡಿರಲಿಲ್ಲ. ಎರಡು ದಿನ ಯೋಚನೆ ಮಾಡಿ ಬರೆಯುತ್ತಿದ್ದೇನೆ.

ಫ್ರಾನ್ಸು, ಕೊರಿಯಾ "ನಮ್ಮ ಸಿನೆಮಾ" ಅಂದಾಗ ಅವರಿಗೆ ಯಾವುದು ನಮ್ಮದು ಎಂದು ಗೊತ್ತಿತ್ತು. ನನ್ನ ಮಗನ ಪ್ರಶ್ನೆಗೆ ಅದು ಸಾಕಾಗುವುದಿಲ್ಲ. ಕನ್ನಡ ಸಿನೆಮಾದಲ್ಲಿ ಕೂಡ ಅವನು ತನ್ನ ಮಾತು ಕೇಳಿದ್ದು ಯಾವಾಗ? ನಮ್ಮ ಕಡೆಯವನು ಬಂದ ಅಂದರೆ ನಗಿಸಲು ಬಂದ. ಇಲ್ಲ ಅಂದರೆ ರೌಡಿ. ನಾಯಕ ಮಾತಾಡುವುದು ಬೆಂಗಳೂರು ಮೈಸೂರಿನ ಕನ್ನಡ. ಈಗ ಡಬ್ ಆದ ಅಮೆರಿಕದ ನಾಯಕನೂ ಅದೇ ಕನ್ನಡ ಮಾತಾಡುತ್ತಾನೆ. ಹಾಗಾಗಿ ಮಗನಿಗೆ ಎರಡೂ ಒಂದೇ ಕಡೆಯಿಂದ ಬಂದ ಹಾಗೆ. ಅವನ ಮಾತು ಉಳಿದಿರುವುದು ಗೊರಗೊರ ಅನ್ನುವ ಆ ಮೈಕಿನ ಮುಂದೆ ಮಾತ್ರ.

ಕಂಪನಿ ನಾಟಕ, ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ, ಬೈಲಹೊಂಗಲದ ಕಡೆಯ ಸಣ್ಣಾಟ, ದೊಡ್ಡಾಟ. ನನ್ನ ಮಟ್ಟಿಗೆ ಕಾಪಾಡಬೇಕಾದ ಸಂಸ್ಕೃತಿ ಅಂದರೆ ಇವು. ಸಿನೆಮಾಗೆ ಸಬ್ಸಿಡಿ ಇದೆ, ಪ್ರಶಸ್ತಿ ಇದೆ. ಜಾತ್ರೆಯಲ್ಲಿ ತಗಡು ಹೊದಿಸಿದ ಥೇಟರಿಗೆ ನೆಲಬಾಡಿಗೆ, ಕರೆಂಟ್ ಬಿಲ್ಲು, ಲಾರಿ ಬಾಡಿಗೆ ಎಲ್ಲ ಕಂಪನಿಯ ಮಾಲಕನ ತಲೆಮೇಲೆ. ಒಂದು ಮಳೆ ಬಂದರೆ ಕ್ಯಾಂಪು ಮುಳುಗಿತು.

ನನಗೆ ಫ್ರಾನ್ಸಿನ ಲೆಕ್ಕ ಬಹಳ ಹಿಡಿಸಿತು. ಟಿಕೆಟ್ ಹರಿದ ಜಿಲ್ಲೆಯ ಕಲೆಗೇ ಆ ಟಿಕೆಟ್ಟಿನ ಒಂದು ಪಾಲು. ಬೆಳಗಾವಿಯ ಮಾಲ್‌ನಲ್ಲಿ ಹಾಲಿವುಡ್ ಸಿನೆಮಾ ತುಂಬಿದ ಮನೆಯಾಗಿ ಓಡಲಿ. ಅದರ ಒಂದು ರೂಪಾಯಿ ಕುಲಗೋಡಿಗೆ ಹೋಗಲಿ. 2024ರಲ್ಲಿ ನಮ್ಮ ರಾಜ್ಯದಲ್ಲೇ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಕ್ಕೆ ಮಸೂದೆ ಬಂತು. ಸಿನೆಮಾ ಟಿಕೆಟ್ ಮತ್ತು ಒಟಿಟಿ ಚಂದಾ ಮೇಲೆ ಶೇ. 1ರಿಂದ 2ರವರೆಗೆ ಸೆಸ್, ಅಂದರೆ ಈ ಕೆಲಸಕ್ಕೇ ಹಾಕುವ ತೆರಿಗೆ. "ಸಾಂಸ್ಕೃತಿಕ" ಎನ್ನುವ ಪದ ಅದರಲ್ಲೇ ಇದೆ. ಹಾಗಾದರೆ ನಮ್ಮ ಅಪ್ಪನಂಥವರ ಹೆಸರು ಅದರಲ್ಲಿ ಬರೆಸಬೇಕು. ಯಾರು ಬರೆಸುತ್ತಾರೆ? ನಾವೇ ಬರೆಸಬೇಕು.

ನಿನ್ನೆ ಒಂದು ನಡೆಯಿತು, ಹೇಳದೆ ಇರಲಾರೆ. ಅಪ್ಪ ಊಟ ಮಾಡಿ ಅಡ್ಡಾಗಿದ್ದರು. ಮಗ ಅಟ್ಟದಿಂದ ಇಳಿಸಿದ ಪೇಟಿಯ ಮುಂದೆ ಕೂತು, ಗಾಳಿಯ ತಿದಿ ಎಳೆದು, ಆ ಅಮೆರಿಕದ ಸಿನೆಮಾದ ಒಂದು ಧಾಟಿ ಹುಡುಕುತ್ತಿದ್ದ. ಎರಡು ಸ್ವರ ತಪ್ಪುತ್ತಿತ್ತು. ಅಪ್ಪ ಕಣ್ಣು ಮುಚ್ಚಿಕೊಂಡೇ "ಕರಿ ಎರಡು ಹಿಡಿಯೋ" ಅಂದರು, ಎರಡನೇ ಕಪ್ಪು ಕೀ. ಸರಿಹೋಯಿತು.

ಇಳಕಲ್ ಮಗ್ಗ

ಅಕ್ಕಾರೆ, 2007ರಲ್ಲಿ ಇಳಕಲ್ ಸೀರೆಗೆ ಈ ಊರಿನದೇ ಎನ್ನುವ ಜಿಐ ಗುರುತು ಸಿಕ್ಕಾಗ ನಾವೂ ಎಲ್ಲ ಸರಿಯಾಯಿತು ಅಂದುಕೊಂಡಿದ್ದೆವು. ಗುರುತು ಬಂತು, ಮಗ್ಗದ ಮೇಲೆ ಕೂರುವ ಹುಡುಗರು ಬರಲಿಲ್ಲ. ಹಣದ ಜೊತೆ ಕಲಿಯುವವರೂ ಬೇಕು. ನಿಮ್ಮ ಮಗ ಪೇಟಿ ಮುಟ್ಟಿದ ಅಂತ ಓದಿ ಬಹಳ ಖುಷಿ ಆಯಿತು. ಯಾವ ಧಾಟಿ ಆದರೇನು.

ದೂತಿ, ಮೂಡಲಗಿ ತಾಲೂಕು

ಮೊದಲ ಸಲ ಬರೆಯುತ್ತಿದ್ದೇನೆ. ನಾನು ಪಾರಿಜಾತದಲ್ಲಿ ದೂತಿ ಪಾತ್ರ ಮಾಡುತ್ತೇನೆ. ಇಪ್ಪತ್ತು ವರ್ಷ ಆಯಿತು. ಮೊದಲು ರಾತ್ರಿ ಹತ್ತಕ್ಕೆ ಶುರುವಾದರೆ ಬೆಳಗಿನ ತನಕ. ಗೊಲ್ಲತಿ ಬಂದರೆ ಸಾಕು, ಜನ ಎದ್ದು ಕೂರುತ್ತಿದ್ದರು. ಈಗ "ಎರಡು ತಾಸಿನಲ್ಲಿ ಮುಗಿಸಿ" ಅನ್ನುತ್ತಾರೆ. ಹಾಡು ಕತ್ತರಿಸುತ್ತೇವೆ. ಯಾವ ಹಾಡು ಬಿಡುವುದು ಎಂದು ಪ್ರತಿ ಸಲ ಜಗಳ ಆಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ.

ನಮ್ಮ ಮೇಳದಲ್ಲಿ ಎಂಟು ಮಂದಿ ಇದ್ದೇವೆ. ಆ ಸೆಸ್ ವಿಷಯ ಯಾರಿಗೂ ಗೊತ್ತಿಲ್ಲ. ಏನೇನು ಕಾಗದ ಬೇಕು ತಿಳಿಸಿದರೆ ಉಪಕಾರ ಆಗುತ್ತದೆ. ಆಟ ಆಡಲು ಜಾಗ ಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರ.

ಕುಂದಾನಗರಿ, ಬೆಳಗಾವಿ

ತಾಯೀ, ಕಾಗದದ ಕೆಲಸ ನನ್ನದು. ನಾಳೆಯೇ ವಿಚಾರಿಸಿ ಇಲ್ಲೇ ಬರೆಯುತ್ತೇನೆ. ಎಂಟು ಮಂದಿಯ ಅರ್ಜಿ ನಾನೇ ತುಂಬಿಕೊಡುತ್ತೇನೆ. ನನ್ನ ಶಾಲೆಯ ಮಕ್ಕಳಿಗೆ ಒಂದು ಆಟ ಬೇಕೇ ಬೇಕು. ಕತ್ತರಿಸದ ಆಟ.

ಗುಮ್ಮಟದ ನೆರಳು, ವಿಜಯಪುರ

ನನ್ನದೂ ಒಂದು ಕೆಲಸ ಇರಲಿ. ನನಗೆ ಧ್ವನಿ ರೆಕಾರ್ಡಿಂಗ್ ಬರುತ್ತದೆ, ಒಳ್ಳೆ ಮೈಕು ಇದೆ. ಮೈಕು ಕೆಟ್ಟು ಯಾರೂ ಗಂಟಲು ಹರಿದುಕೊಳ್ಳಬಾರದು. ಪೂರ್ತಿ ಪಾರಿಜಾತವನ್ನು ನಮ್ಮ ಮಾತಿನಲ್ಲೇ ದಾಖಲೆ ಮಾಡೋಣ. ರೀಲು ಡಬ್ಬಿ ಕಾಕಾ, ನಿಮ್ಮ ಹಳೆಯ ಟಾಕೀಸು ಮುಚ್ಚಿದೆಯಲ್ಲ. ಒಂದು ಭಾನುವಾರ ಅಲ್ಲಿ ಆಟ ಆಡಿಸಲು ಆಗುತ್ತದಾ?

ರೀಲು ಡಬ್ಬಿ, ವಿಜಯಪುರ

ಆಗುತ್ತದೆ. ಕುರ್ಚಿ ಅರ್ಧ ಮುರಿದಿವೆ, ಜಮಖಾನೆ ಹಾಸಿದರಾಯಿತು. ಪರದೆಯ ಹಿಂದೆ ಹನ್ನೆರಡು ಅಡಿ ಜಾಗ ಇದೆ. ಮೊದಲು ಅದು ನಾಟಕದ ರಂಗವೇ. ಸಿನೆಮಾ ಬಂದ ಮೇಲೆ ಅದರ ಮುಂದೆ ಪರದೆ ಕಟ್ಟಿದ್ದು. ಕಟ್ಟಿಗೆ ಹಾಸು ಗಟ್ಟಿ ಇದೆಯಾ ನೋಡಬೇಕು. ಬೀಗದ ಕೈ ಮಾಲಕರ ಮಗನ ಹತ್ತಿರ ಇದೆ. ಸೋಮವಾರ ಹೋಗಿ ಕೇಳುತ್ತೇನೆ.